ಮೂಡಿಗೆರೆಗಿಂತ ಮೇಲೆ ಬೀದರ್: ಒಬ್ಬ ವಿದ್ಯಾರ್ಥಿನಿಯ ಕಾಲೇಜು ಆಯ್ಕೆಯ ಪ್ರಕರಣ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಒಂದು ಸರ್ಕಾರಿ ಪದವಿ ಪೂರ್ವ ಕಾಲೇಜಿನಲ್ಲಿ ನಾನು ಜೀವವಿಜ್ಞಾನ ಕಲಿಸುತ್ತೇನೆ. ದ್ವಿತೀಯ ಪಿಯುಸಿ ಮಕ್ಕಳ ಸಿಇಟಿ ಅರ್ಜಿ, ಪ್ರಮಾಣಪತ್ರಗಳ ಓಡಾಟ, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದು) ಎಲ್ಲವೂ ವರ್ಷಗಳಿಂದ ನನ್ನ ಮೇಜಿಗೇ ಬರುತ್ತವೆ. ಇಲ್ಲಿ ಹೇಳುತ್ತಿರುವುದು 2025ರಲ್ಲಿ ಪರೀಕ್ಷೆ ಬರೆದ ಒಬ್ಬ ವಿದ್ಯಾರ್ಥಿನಿಯ ವಿಚಾರ. ಹೆಸರು, ಊರು ಬೇಡ. ಅವಳದ್ದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಅವಳಿಗೆ ದಾರಿ ತೋರಿಸುತ್ತಿದ್ದೇನೆ ಎಂದುಕೊಂಡಿದ್ದ ಮೊದಲ ಮೂರು ತಿಂಗಳಲ್ಲಿ, ನಿನಗೇನು ಬೇಕು ಎಂದು ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

ಮನೆಯಲ್ಲಿ ಎರಡೂವರೆ ಎಕರೆ ರೊಬಸ್ಟಾ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಕೊಟ್ಟಿಗೆಯಲ್ಲಿ ಮೂರು ಹಸು. ತಂದೆ ಓದಿದ್ದು ಏಳನೇ ತರಗತಿ, ತಾಯಿ ಎಸ್ಸೆಸ್ಸೆಲ್ಸಿ. ತಮ್ಮ ಎಂಟನೇ ತರಗತಿಯಲ್ಲಿದ್ದ. ಒಂದರಿಂದ ಹತ್ತರವರೆಗೆ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ. ಮೊದಲ ವರ್ಷ ಇಂಗ್ಲಿಷ್ ಪಠ್ಯಕ್ಕೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು ಎರಡನೇ ವರ್ಷದ ಹೊತ್ತಿಗೆ ತರಗತಿಯ ಮೊದಲ ಐವರಲ್ಲಿ ಒಬ್ಬಳಾಗಿದ್ದಳು.

ಅಕ್ಟೋಬರ್‌ನಲ್ಲಿ ಅವಳನ್ನು ಕರೆದು ತೋಟಗಾರಿಕೆ ಓದು ಎಂದೆ. ನನ್ನ ಲೆಕ್ಕದಲ್ಲಿ ಎಲ್ಲವೂ ಹೊಂದಿಕೆಯಾಗಿತ್ತು. ತೋಟಗಾರಿಕೆ ಕಾಲೇಜು ಮೂಡಿಗೆರೆಯಲ್ಲೇ ಇದೆ, ಸರ್ಕಾರಿ ಶುಲ್ಕ, ಮನೆಯಲ್ಲಿ ತೋಟವಿದೆ, ಕೃಷಿಕರ ಮಕ್ಕಳಿಗೆಂದು ಮೀಸಲಾದ ದೊಡ್ಡ ಪಾಲಿದೆ. ಸಿಗದಿದ್ದರೆ ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜು. ಅವಳು “ಸರಿ ಮೇಡಂ” ಎಂದಳು. ನಮ್ಮ ಮಕ್ಕಳ ಬಾಯಲ್ಲಿ ಈ ಮಾತು ಒಪ್ಪಿಗೆಯೂ ಹೌದು, ದೊಡ್ಡವರ ಮುಂದೆ ಮಾತು ಮುಗಿಸುವ ದಾರಿಯೂ ಹೌದು. ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಇವೆರಡರ ವ್ಯತ್ಯಾಸ ಗೊತ್ತಿರಬೇಕಿತ್ತು. ಅಂದು ಗೊತ್ತಾಗಲಿಲ್ಲ.

ಡಿಸೆಂಬರ್ ಕೊನೆಯಲ್ಲಿ ಪೋಷಕರ ಸಭೆ. ಕೊಯ್ಲಿನ ಕಾಲವಾದ್ದರಿಂದ ಬಂದವರು ಕಡಿಮೆ. ಅವಳ ತಂದೆ ಬಂದಿದ್ದರು. ಕೈ ತೊಳೆದುಕೊಂಡೇ ಬಂದಿದ್ದರೂ ಬೆರಳ ಸಂದಿಯಲ್ಲಿ ಹಣ್ಣಿನ ಅಂಟಿನ ಕಪ್ಪು ಉಳಿದಿತ್ತು. ತೋಟಗಾರಿಕೆಯ ಮಾತೆತ್ತಿದ ಕೂಡಲೇ ಅವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. “ತೋಟದ ಕೆಲಸ ಕಲಿಯುವುದಕ್ಕೆ ಕಾಲೇಜಿಗೆ ಏಕೆ ಹೋಗಬೇಕು ಮೇಡಂ? ಅವಳು ಕೆಸರು ತುಳಿಯಬಾರದು ಎಂದೇ ನಾನು ಓದಿಸುತ್ತಿರುವುದು.” ಅವರ ಮನಸ್ಸಿನಲ್ಲಿದ್ದುದು ಬೆಂಗಳೂರು, ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್. ಒಬ್ಬ ಮಧ್ಯವರ್ತಿ ಆಗಲೇ ಮನೆಗೆ ಬಂದು ಹೋಗಿದ್ದ. ಮ್ಯಾನೇಜ್‌ಮೆಂಟ್ ಸೀಟು, ನಾಲ್ಕು ವರ್ಷಕ್ಕೆ ಹಾಸ್ಟೆಲ್ ಸೇರಿ ಹನ್ನೆರಡು ಲಕ್ಷ, ಈಗ ಒಂದು ಲಕ್ಷ ಕಟ್ಟಿದರೆ ಸೀಟು ಹಿಡಿದಿಡುತ್ತೇನೆ ಎಂದಿದ್ದನಂತೆ. ದ್ವಿತೀಯ ಪಿಯುಸಿ ಪರೀಕ್ಷೆಯೇ ಇನ್ನೂ ಆಗಿರಲಿಲ್ಲ.

ಇಂಥ ಮಧ್ಯವರ್ತಿಗಳು ಮೊದಲೂ ಬರುತ್ತಿದ್ದರು. ಆದರೆ ಸಣ್ಣ ಹಿಡುವಳಿಯ ಮನೆಗಳಿಗೆ ಬರುತ್ತಿರಲಿಲ್ಲ. ಆ ವರ್ಷ ಬಂದದ್ದಕ್ಕೆ ಕಾರಣ ಕಾಫಿಯ ಬೆಲೆ. ಐದಾರು ವರ್ಷಗಳ ಹಿಂದೆ 50 ಕೆ.ಜಿ. ಚೀಲಕ್ಕೆ ಮೂರೂವರೆ ಸಾವಿರದ ಆಸುಪಾಸಿನಲ್ಲಿ ತೆವಳುತ್ತಿದ್ದ ರೊಬಸ್ಟಾ ಚೆರಿ (ಒಣಗಿಸಿದ ಹಣ್ಣು) ಆ ಹಂಗಾಮಿನಲ್ಲಿ ಹತ್ತು ಸಾವಿರ ದಾಟಿತ್ತು. ಈ ತಂದೆಯ ಕೈಯಲ್ಲಿ ಸಾಲ ತೀರಿಸಿಯೂ ಉಳಿಯುವಷ್ಟು ಹಣ ಬಂದದ್ದು ಅದೇ ಮೊದಲು. ಆ ಹಣವನ್ನು ಅವರು ಜೀಪಿಗೆ ಹಾಕಲಿಲ್ಲ, ಮನೆಯ ಮುಂದೆ ಸಿಟೌಟ್ ಕಟ್ಟಿಸಲಿಲ್ಲ, ಮಗಳ ಹೆಸರಿಗೆ ಎತ್ತಿಟ್ಟರು. ಇದನ್ನು ಮರೆತು ಅವರಿಗೆ ಬುದ್ಧಿ ಹೇಳಲು ಹೊರಟಿದ್ದರೆ ಅವರು ನನ್ನ ಮಾತನ್ನು ಕೇಳುತ್ತಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಹಾಗಾಗಿ ಸರಿ ತಪ್ಪಿನ ಮಾತು ಬಿಟ್ಟು ಲೆಕ್ಕ ಹಾಕಿದೆವು. ಒಂದು ಹಾಳೆಯಲ್ಲಿ ಹನ್ನೆರಡು ಲಕ್ಷವನ್ನು ವರ್ಷಕ್ಕೆ ಹಂಚಿ ಬರೆದೆ. ಪಕ್ಕದಲ್ಲಿ ಅವರ ತೋಟದ ಚೀಲಗಳ ಸಂಖ್ಯೆಯನ್ನು ಅವರೇ ಹೇಳಿದರು. ಈ ವರ್ಷದ ಬೆಲೆಗೆ ಎಷ್ಟು, ಹಳೆಯ ಬೆಲೆಗೆ ಎಷ್ಟು. ಎರಡನೇ ಸಂಖ್ಯೆ ಬರೆಯುತ್ತಿದ್ದಂತೆ ಅವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಮುಂಗಡ ಕಟ್ಟುವುದನ್ನು ಸಿಇಟಿ ಫಲಿತಾಂಶದವರೆಗೆ ತಡೆಯುತ್ತೇನೆ ಎಂದು ಹೇಳಿ ಹೋದರು. ಹುಡುಗಿ ಅಲ್ಲೇ ನಿಂತಿದ್ದಳು. ಆಗಲೂ ನಾನು ಅವಳನ್ನು ಕೇಳಲಿಲ್ಲ.

ಅಡುಗೆಮನೆಯ ಕ್ಯಾಲೆಂಡರ್

ಜನವರಿಯಲ್ಲಿ ಅವಳು ಐದು ದಿನ ಕಾಲೇಜಿಗೆ ಬರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿತ್ತು, ಸಿಇಟಿ ಅರ್ಜಿಯೂ ಶುರುವಾಗಿತ್ತು. ಕೊಯ್ಲಿಗೆ ಹಚ್ಚಿದ್ದಾರೆ ಎಂದೇ ಭಾವಿಸಿ ಶನಿವಾರ ಮಧ್ಯಾಹ್ನ ಮನೆಗೆ ಹೋದೆ. ಹಸು ಕರು ಹಾಕಿ ಎರಡು ದಿನಕ್ಕೆ ಎದ್ದು ನಿಲ್ಲಲಾರದೆ ಮಲಗಿತ್ತು. ಡಾಕ್ಟರು ಬಂದು ಕ್ಯಾಲ್ಸಿಯಂ ಏರಿಸಿ ಹೋಗಿದ್ದರು. ಹುಡುಗಿ ಅದರ ಪಕ್ಕದಲ್ಲಿ ಹುಲ್ಲಿನ ಕಟ್ಟು ಒತ್ತುಕೊಟ್ಟು, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದಳಂತೆ. ಹಸು ಎದ್ದದ್ದು ನಾನು ಹೋದ ದಿನ ಬೆಳಿಗ್ಗೆ.

ತಾಯಿ ಕಾಫಿ ಕೊಡಲು ಒಳಗೆ ಕರೆದರು. ಅಡುಗೆಮನೆಯ ಗೋಡೆಗೆ ಹಾಲಿನ ಸಂಘದವರು ಕೊಟ್ಟ ಕ್ಯಾಲೆಂಡರ್ ತೂಗುಹಾಕಿತ್ತು. ಮನೆಯ ಕ್ಯಾಲೆಂಡರ್‌ಗಳಲ್ಲಿ ಸಾಮಾನ್ಯವಾಗಿ ಸಂಘದ ಸಾಲದ ಕಂತು, ಗ್ಯಾಸ್ ಬಂದ ದಿನ, ಯಾರದೋ ಮದುವೆ ಇರುತ್ತದೆ. ಇದರಲ್ಲಿ ನೀಲಿ ಶಾಯಿಯ ಸಣ್ಣ ಅಕ್ಷರಗಳು ತುಂಬಿದ್ದವು. “ತುಂಗೆ, ಬೆದೆ.” ಮರುದಿನದ ಚೌಕದಲ್ಲಿ “ಸೂಜಿ,” ಅಂದರೆ ಕೃತಕ ಗರ್ಭಧಾರಣೆ. ಅಲ್ಲಿಂದ ಇಪ್ಪತ್ತೊಂದನೇ ದಿನಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ, ಮತ್ತೆ ಬೆದೆಗೆ ಬಂತೋ ಇಲ್ಲವೋ ನೋಡುವುದಕ್ಕೆ. ಚಿಹ್ನೆಯ ಮೇಲೆ ಗೀಟು ಎಳೆದಿದ್ದರೆ ಗಬ್ಬ ನಿಂತಿದೆ ಎಂದು ಅರ್ಥ. ಸೂಜಿಯ ದಿನದಿಂದ 280 ದಿನ ಎಣಿಸಿ ಕರು ಹಾಕುವ ದಿನವನ್ನು ಬರೆದಿಟ್ಟಿದ್ದಳು. ಹಳೆಯ ಕ್ಯಾಲೆಂಡರ್‌ಗಳು ಅಟ್ಟದಲ್ಲಿದ್ದವು, ತಾಯಿ ತೆಗೆದು ತೋರಿಸಿದರು. 2022ರದ್ದರಲ್ಲಿ ಒಂದು ತಿಂಗಳಿಡೀ ದಿನಕ್ಕೆರಡು ಬಾರಿ ಜ್ವರದ ಅಂಕಿ. ಚರ್ಮಗಂಟು ರೋಗ ರಾಜ್ಯದ ದನಗಳಿಗೆ ಹಬ್ಬಿದ ವರ್ಷ ಅದು. ಕೆಂಪಿ ಎಂಬ ಹಸುವಿನ ಅಂಕಿಗಳು ಒಂದು ಗುರುವಾರಕ್ಕೆ ನಿಂತಿದ್ದವು.

ಅಂದು ಕೇಳಿದೆ: “ನಿನಗೇನು ಓದಬೇಕು ಅಂತಿದೆ?”

“ದನದ ಡಾಕ್ಟರು ಆಗಬೇಕು ಅಂತಿದೆ ಮೇಡಂ. ಆದರೆ ಅದಕ್ಕೆ ನೀಟ್ ಬೇಕಂತಲ್ಲ, ನನಗೆ ಕೋಚಿಂಗ್ ಇಲ್ಲ.”

ಎರಡು ವರ್ಷ ಈ ಹುಡುಗಿ ಒಂದು ತಪ್ಪು ಮಾಹಿತಿಯನ್ನು ಒಳಗಿಟ್ಟುಕೊಂಡು ಸುಮ್ಮನಿದ್ದಳು. ಪಶುವೈದ್ಯಕೀಯದಲ್ಲಿ ಅಖಿಲ ಭಾರತ ಕೋಟಾದ ಶೇ 15 ಸೀಟುಗಳಿಗೆ ಮಾತ್ರ ನೀಟ್ ಅಂಕ. ನಮ್ಮ ರಾಜ್ಯದ ಪಾಲಿನ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕವೇ ಹಂಚುತ್ತದೆ. ಪಿಯುಸಿಯ ಭೌತ, ರಸಾಯನ, ಜೀವವಿಜ್ಞಾನದ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ ಎಂದಾಗ ಅವಳು ನನ್ನನ್ನು ನಂಬದವಳಂತೆ ನೋಡಿದಳು. ನಾನು ತೋಟಗಾರಿಕೆಯ ಬಗ್ಗೆ ಅಷ್ಟು ಹೇಳಿದ್ದೆ, ಇದನ್ನು ಹೇಳಿರಲಿಲ್ಲ.

ತಂದೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. “ಕೆಸರಿನಿಂದ ಸೆಗಣಿಗೆ ಬಂದ ಹಾಗಾಯಿತು” ಎಂದರು. ಸಿಟ್ಟಿರಲಿಲ್ಲ, ಸೋತ ದನಿ ಇತ್ತು. ನಾನು ಉತ್ತರ ಹುಡುಕುತ್ತಿದ್ದೆ. ತಾಯಿ ಒಲೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದರು: “ಮೊನ್ನೆ ಡಾಕ್ಟರು ಬಂದಾಗ ಕುರ್ಚಿ ಒರೆಸಿ ಹಾಕಿದಿರಿ. ಕೈ ತೊಳೆಯಲು ಬಿಸಿನೀರು ನೀವೇ ತಂದಿರಿ. ಅವರ ಶರ್ಟಿನ ಮೇಲೂ ಸೆಗಣಿ ಇತ್ತು.” ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಚರ್ಚೆ ನಡೆಯಲಿಲ್ಲ. ತಂದೆ ಒಪ್ಪಿದರು ಎಂದೂ ಅಲ್ಲ. ಅರ್ಜಿ ಹಾಕಲಿ, ನೋಡೋಣ ಎಂದರು.

ಆದರೂ ನನಗೊಂದು ಅಳುಕಿತ್ತು. ಮನೆಯ ಹಸುವಿನ ಮೇಲಿನ ಅಕ್ಕರೆ ಬೇರೆ, ಬದುಕಿಡೀ ಬೇರೆಯವರ ಹಸುವಿನ ನೋವು ನೋಡುವುದು ಬೇರೆ. ಓದೂ ಚಿಕ್ಕದಲ್ಲ, ತರಬೇತಿಯ ಒಂದು ವರ್ಷ ಸೇರಿ ಐದೂವರೆ ವರ್ಷ. ಏಪ್ರಿಲ್‌ನಲ್ಲಿ ಸಿಇಟಿ ಮುಗಿದ ಮೇಲೆ ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿಕೊಂಡು ಎರಡು ವಾರ ಅವರ ಜೊತೆ ಓಡಾಡಲು ಕಳಿಸಿದೆ. ಎಂಟನೇ ದಿನ, ಹೊಟ್ಟೆಯಲ್ಲೇ ಸತ್ತ ಕರುವನ್ನು ಹೊರಗೆ ತೆಗೆಯಲು ಎರಡು ಗಂಟೆ ಹಿಡಿಯಿತಂತೆ. ಸಂಜೆ ಫೋನ್ ಮಾಡಿದಳು. ಹೇಗಿತ್ತು ಎಂದು ಕೇಳಿದೆ. “ಹಸು ಉಳಿಯಿತು ಮೇಡಂ” ಎಂದಳು. ಅಲ್ಲಿಗೆ ನನ್ನ ಅಳುಕು ಹೋಯಿತು.

ತಾತನ ಹೆಸರಿನ ಪಹಣಿ

ಕಾಗದಪತ್ರದ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಂಕವಿದ್ದೂ ಸೀಟು ಕಳೆದುಕೊಂಡ ಮಕ್ಕಳನ್ನು ನಾನು ನೋಡಿರುವುದು ಇಲ್ಲೇ.

ಅರ್ಜಿಯನ್ನು ಅವಳು ಪೇಟೆಯ ಸೈಬರ್ ಕೇಂದ್ರವೊಂದರಲ್ಲಿ ತುಂಬಿಸಿದ್ದಳು. ಮಾಧ್ಯಮ ಯಾವುದು ಎಂದು ಅಲ್ಲಿನ ಹುಡುಗ ಕೇಳಿದ, ಪಿಯುಸಿ ಇಂಗ್ಲಿಷಿನಲ್ಲಿ ಓದುತ್ತಿದ್ದವಳು ಇಂಗ್ಲಿಷ್ ಎಂದಳು, ಅವನು ಹಾಗೇ ಹಾಕಿದ. ಕನ್ನಡ ಮಾಧ್ಯಮ ಮೀಸಲಾತಿ ನೋಡುವುದು ಒಂದರಿಂದ ಹತ್ತನೇ ತರಗತಿಯನ್ನು, ಪಿಯುಸಿಯನ್ನಲ್ಲ. ಗ್ರಾಮೀಣ ಮೀಸಲಾತಿಗೂ ಅದೇ ಹತ್ತು ವರ್ಷ. ಮೊದಲನೆಯದು ಶೇ 5, ಎರಡನೆಯದು ಶೇ 15. ಅರ್ಜಿಯ ಪ್ರತಿ ನನ್ನ ಕೈಗೆ ಬಂದಾಗ ಈ ಎರಡೂ ಮೀಸಲಾತಿಯ ಅಂಕಣ ಖಾಲಿ ಇತ್ತು. ಪ್ರಾಧಿಕಾರ ತಿದ್ದುಪಡಿಗೆ ಅವಕಾಶ ಕೊಟ್ಟ ದಿನಗಳಲ್ಲಿ ಸರಿಪಡಿಸಿದೆವು. ಆ ದಿನಗಳು ದಾಟಿದ್ದರೆ ಹತ್ತು ವರ್ಷ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿದ್ದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆಗಿನಿಂದ ನಮ್ಮ ಮಕ್ಕಳ ಅರ್ಜಿಗಳನ್ನು ಕಾಲೇಜಿನಲ್ಲೇ ಕೂರಿಸಿ ತುಂಬಿಸುತ್ತಿದ್ದೇನೆ.

ಇನ್ನೊಂದು ತೊಡಕು ಕೃಷಿಕರ ಕೋಟಾದ್ದು. ಪಹಣಿಯಲ್ಲಿ ಇನ್ನೂ ತಾತನ ಹೆಸರಿತ್ತು. ತಾತ ತೀರಿಕೊಂಡು ಒಂಬತ್ತು ವರ್ಷ. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿರಲಿಲ್ಲ, ಏಕೆಂದರೆ ಮಾಡಿಸಬೇಕಾದರೆ ಚಿಕ್ಕಪ್ಪಂದಿರು, ಅತ್ತೆಯಂದಿರು ಎಲ್ಲರೂ ಕೂರಬೇಕು, ಕುಳಿತರೆ ಪಾಲಿನ ಮಾತು ಏಳುತ್ತದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಪಹಣಿ ತೀರಿಹೋದವರ ಹೆಸರಿನಲ್ಲೇ ಇರುವುದು ಈ ಸಂಕೋಚಕ್ಕೇ. ಮಗಳು ಕೃಷಿಕ ಕುಟುಂಬದವಳು ಎಂದು ತೋರಿಸಲು ಈಗ ವಂಶವೃಕ್ಷ ಬೇಕಾಯಿತು. ತಂದೆ ನಾಡಕಚೇರಿಗೆ ಐದು ಬಾರಿ ಓಡಾಡಿದರು. ಎಂಜಿನಿಯರಿಂಗ್ ಬೇಕೆಂದಿದ್ದ ಮನುಷ್ಯ ಪಶುವೈದ್ಯಕೀಯದ ಕಾಗದಕ್ಕಾಗಿ ಕೊಯ್ಲಿನ ನಡುವೆ ಐದು ದಿನ ಕಳೆದುಕೊಂಡರು. ಅತ್ತೆಯರ ಮನೆಗೂ ತಾವೇ ಹೋಗಿ ಮಾತಾಡಿ ಬಂದರು. ಇವರು ಒಪ್ಪಿಕೊಂಡಿದ್ದಾರೆ ಎಂದು ನನಗೆ ಗೊತ್ತಾದದ್ದು ಆ ಓಡಾಟದಲ್ಲಿ, ಬಾಯಲ್ಲಿ ಅವರು ಇನ್ನೂ ಹೇಳಿರಲಿಲ್ಲ.

ಈ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬಿತ್ತನೆ ಬೀಜ, ಗೊಬ್ಬರ, ಮೇವು, ಸಲಕರಣೆಗಳನ್ನು ಗುರುತಿಸಬೇಕು. ಮಲೆನಾಡಿನ ಮಕ್ಕಳು ಇಲ್ಲಿ ಎಡವುತ್ತಾರೆ. ಕಾಫಿ, ಏಲಕ್ಕಿ, ಅಡಿಕೆ ಕಣ್ಣುಮುಚ್ಚಿ ಹೇಳುವವರು ಸಜ್ಜೆ ಯಾವುದು, ನವಣೆ ಯಾವುದು ಎಂದರೆ ತಡವರಿಸುತ್ತಾರೆ. ಕೂರಿಗೆಯನ್ನು ಇವಳು ಚಿತ್ರದಲ್ಲಷ್ಟೇ ಕಂಡಿದ್ದಳು. ತಾಯಿ ಮಗಳು ಹಾಸನಕ್ಕೆ ಹೋಗಿ, ಬೀಜದ ಅಂಗಡಿ ಮತ್ತು ದಿನಸಿ ಅಂಗಡಿಗಳಿಂದ ಒಂದೊಂದು ಹಿಡಿ ಕೊಂಡು ತಂದರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಗಿದ್ದುದು ಅಂದು ಸುಲಭ ಮಾಡಿತು, ಎರಡು ಸಲ ಹೋಗಿಬಂದರು. ನಮ್ಮ ಪ್ರಯೋಗಾಲಯದ ಬೆಂಚಿನ ಮೇಲೆ ಮೂವತ್ತಾರು ಖಾಲಿ ಮಾತ್ರೆ ಡಬ್ಬಿಗಳನ್ನು ಸಾಲಾಗಿಟ್ಟು, ತಳಕ್ಕೆ ಹೆಸರು ಅಂಟಿಸಿ, ಮೇಲಿನಿಂದ ನೋಡಿ ಹೇಳುವ ಅಭ್ಯಾಸ ಮಾಡಿದಳು. ಮೂವತ್ತೈದು ತುಂಬಿದವು. ಕುಸುಬೆ ಮಾತ್ರ ಸಿಗಲಿಲ್ಲ, ಆ ಡಬ್ಬಿಯಲ್ಲಿ ಪುಸ್ತಕದಿಂದ ಕತ್ತರಿಸಿದ ಚಿತ್ರವನ್ನಿಟ್ಟೆವು.

ಪಟ್ಟಿಯ ಕ್ರಮ

ಪಿಯುಸಿಯಲ್ಲಿ 600ಕ್ಕೆ 541 ಬಂತು. ಮೇ ಕೊನೆಯಲ್ಲಿ ಸಿಇಟಿ ರ‍್ಯಾಂಕ್ ಬಂತು, ಒಂದಲ್ಲ, ಹಲವು. ಒಂದೇ ಪರೀಕ್ಷೆಗೆ ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ ಎಂದು ಬೇರೆ ಬೇರೆ ರ‍್ಯಾಂಕ್ ಬರುವುದು ಮನೆಯವರನ್ನು ಗಲಿಬಿಲಿ ಮಾಡುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಸಂಖ್ಯೆಯ ಹಿಂದೆ ಹೋಗುತ್ತಾರೆ. ಅವಳ ಕೃಷಿ ರ‍್ಯಾಂಕ್ ಸಲೀಸಾಗಿತ್ತು. ಪಶುವೈದ್ಯಕೀಯದ್ದು ಕಷ್ಟದ ಗಡಿಯಲ್ಲಿತ್ತು. ಹಿಂದಿನ ವರ್ಷದ ಕೊನೆಯ ರ‍್ಯಾಂಕ್‌ಗಳ ಜೊತೆ ಇಟ್ಟು ನೋಡಿದರೆ ಪಶುವೈದ್ಯಕೀಯ ಕಾಲೇಜುಗಳಲ್ಲಿ ಹಾಸನ, ಬೆಂಗಳೂರಿನ ಹೆಬ್ಬಾಳ ಕೈಗೆಟುಕದು, ಶಿವಮೊಗ್ಗ ಅನುಮಾನ, ಗದಗ ಮತ್ತು ಬೀದರ್ ಆಗಬಹುದು, ಆಗದಿರಬಹುದು.

ಜುಲೈನಲ್ಲಿ ಆಪ್ಷನ್ ಎಂಟ್ರಿ. ಸಂಬಂಧಿಕರೊಬ್ಬರು ಆಗಲೇ ಸಲಹೆ ಕೊಟ್ಟಿದ್ದರು: ಸಿಗುವಂಥದ್ದನ್ನು ಮೇಲೆ ಹಾಕು, ಸಿಗದ್ದನ್ನು ಮೇಲೆ ಹಾಕಿದರೆ ಸಿಗುವುದೂ ಕೈತಪ್ಪುತ್ತದೆ. ಇಷ್ಟು ಜನ ನಂಬಿರುವ, ಇಷ್ಟು ಮಕ್ಕಳಿಗೆ ನಷ್ಟ ಮಾಡಿರುವ ಮಾತು ಇನ್ನೊಂದಿಲ್ಲ. ಸೀಟು ಹಂಚುವಾಗ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಒಂದನೆಯದು ನಿಮ್ಮ ರ‍್ಯಾಂಕ್‌ಗೆ ಸಿಗದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಮೇಲೆ ಹಾಕಿದ್ದು ಸಿಗಲಿಲ್ಲವೆಂದು ಕೆಳಗಿನದರ ಸರದಿ ಹಿಂದೆ ಹೋಗುವುದಿಲ್ಲ. ಸಿಗುವುದನ್ನೇ ಮೊದಲು ಹಾಕಿದರೆ ಅದೇ ಸಿಗುತ್ತದೆ, ಅದರ ಕೆಳಗೆ ಬರೆದ ಆಸೆಗಳನ್ನು ಯಾರೂ ಓದುವುದೇ ಇಲ್ಲ. ಹೀಗಾಗಿ ಕ್ರಮ ನಿಜವಾದ ಆಸೆಯ ಕ್ರಮವಾಗಿರಬೇಕು. ಸಿಕ್ಕರೂ ಹೋಗಲಾರೆ ಎನಿಸುವುದನ್ನು ಬರೆಯಲೇಬಾರದು.

ಇದನ್ನು ಹೇಳಿ ಮುಗಿಸುವುದು ಸುಲಭ, ಪಟ್ಟಿ ಬರೆಯುವುದು ಸುಲಭವಲ್ಲ. ಹಾಸನ, ಶಿವಮೊಗ್ಗ, ಹೆಬ್ಬಾಳ ಮೂರನ್ನೂ ಎರಡು ನಿಮಿಷದಲ್ಲಿ ಬರೆದೆವು. ಆಮೇಲೆ ಪೆನ್ನು ನಿಂತಿತು. ಮುಂದಿನ ಸಾಲಿನಲ್ಲಿ ಬೀದರ್ ಬರಬೇಕೋ, ಮೂಡಿಗೆರೆ ಬರಬೇಕೋ? ಮನೆಯಿಂದ ಬೆಳಿಗ್ಗೆ ಹೊರಟು ಸಂಜೆ ಬರಬಹುದಾದ ತೋಟಗಾರಿಕೆ ಕಾಲೇಜು ಒಂದು ಕಡೆ. ರಾಜ್ಯದ ಉತ್ತರ ತುದಿಯ ಊರು ಇನ್ನೊಂದು ಕಡೆ. ಬೆಂಗಳೂರಿಗೆ ಬಸ್, ಅಲ್ಲಿಂದ ರಾತ್ರಿಯಿಡೀ ರೈಲು. ತಂದೆ ಮೂಡಿಗೆರೆ ಎಂದರು. ಆರು ತಿಂಗಳ ಹಿಂದೆ ಕೆಸರು ಎಂದು ತಳ್ಳಿಹಾಕಿದ್ದನ್ನು ಅವರೇ ಈಗ ಕೇಳುತ್ತಿದ್ದರು. ಬೀದರ್ ಅಷ್ಟು ದೂರವಿತ್ತು.

ನನ್ನ ಅಭಿಪ್ರಾಯ ಕೇಳಿದರು. ಈ ಬಾರಿ ಹೇಳಲಿಲ್ಲ. ಹುಡುಗಿಯ ಕೈಗೆ ಪೆನ್ನು ಕೊಟ್ಟು, ನಾನು ತಂದೆಯವರನ್ನು ಕರೆದುಕೊಂಡು ಹೊರಗಿನ ಜಗಲಿಗೆ ಬಂದೆ. ಮಳೆ ಹುಯ್ಯುತ್ತಿತ್ತು. ಅರ್ಧ ಗಂಟೆ ಕಾಫಿ ಗಿಡಕ್ಕೆ ಕೊಳೆ ರೋಗ ಬರುವ ಮಾತಾಡಿದೆವು. ಒಳಗೆ ಬಂದಾಗ ಹಾಳೆಯಲ್ಲಿ ಗದಗ, ಬೀದರ್, ಆಮೇಲೆ ಮೂಡಿಗೆರೆ, ಆಮೇಲೆ ಕಾರೇಕೆರೆ ಎಂದಿತ್ತು. ಕೊನೆಯಲ್ಲಿ, ಯಾರೂ ಹೇಳದಿದ್ದರೂ, ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ಬರೆದಿದ್ದಳು. ತಂದೆ ಪಟ್ಟಿಯನ್ನು ಓದಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಇದು ನನಗಾಗಿ ಬರೆದದ್ದಾದರೆ ತೆಗೆದುಬಿಡು” ಎಂದರು. ಅವಳು ತೆಗೆಯಲಿಲ್ಲ. ಏನೂ ಸಿಗದಿದ್ದರೆ ಅದನ್ನೂ ಓದುತ್ತೇನೆ ಎಂದಳು.

ನಿಜವಾದ ಸುತ್ತಿಗೆ ಮೊದಲು ಪ್ರಯೋಗಕ್ಕೆಂದು ಮಾಡುವ ಅಣಕು ಹಂಚಿಕೆಯಲ್ಲಿ ಮೂಡಿಗೆರೆ ಬಂತು, ಮೊದಲ ಸುತ್ತಿನಲ್ಲೂ ಮೂಡಿಗೆರೆ. ಈಗ ಮುಂದಿದ್ದುದು ಚಾಯ್ಸ್ 1 ಮತ್ತು ಚಾಯ್ಸ್ 2. ಚಾಯ್ಸ್ 1 ಆರಿಸಿದರೆ ಮೂಡಿಗೆರೆಗೆ ಸೇರಿ ಮುಗಿಯಿತು. ಚಾಯ್ಸ್ 2 ಆರಿಸಿದರೆ ಮೂಡಿಗೆರೆ ಕೈಯಲ್ಲಿರುತ್ತದೆ, ಮೇಲಿನ ಆಯ್ಕೆಗಳಿಗೆ ಮುಂದಿನ ಸುತ್ತಿನಲ್ಲಿ ನೋಡುತ್ತಾರೆ. ಆದರೆ ಮೇಲಿನದು ಸಿಕ್ಕಿತೆಂದರೆ ಮೂಡಿಗೆರೆ ತಾನಾಗಿ ಹೋಗುತ್ತದೆ, ಹಿಂದಿರುಗಿ ಬರುವಂತಿಲ್ಲ. ಈ ಕೊನೆಯ ವಾಕ್ಯವನ್ನು ತಂದೆ ತಾಯಿ ಇಬ್ಬರ ಮುಂದೆಯೂ ಮೂರು ಸಲ ಹೇಳಿದೆ. ಮೊದಲೊಮ್ಮೆ ಬೇರೊಂದು ಮನೆಯಲ್ಲಿ ಇದನ್ನು ಸರಿಯಾಗಿ ಹೇಳದೆ, ಕೈಯಲ್ಲಿದ್ದ ಸೀಟು ಹೋಯಿತೆಂದು ಅವರು ಅತ್ತದ್ದನ್ನು ಕಂಡಿದ್ದೆ. ತಾಯಿ, “ಅವಳು ಬರೆದಾಗಿದೆಯಲ್ಲ” ಎಂದರು. ಚಾಯ್ಸ್ 2 ಒತ್ತಿದೆವು.

ಎರಡನೇ ಸುತ್ತಿನಲ್ಲಿ ಕೃಷಿಕರ ಕೋಟಾದಡಿ ಬೀದರ್ ಬಂತು.

ಸೇರಿಸಲು ತಂದೆಯೇ ಹೋದರು. ಯಶವಂತಪುರದಿಂದ ರೈಲು ಹತ್ತಿದ್ದು ಅವರಿಗೆ ಬದುಕಿನಲ್ಲಿ ಎರಡನೇ ರೈಲು ಪ್ರಯಾಣ. ಎತ್ತಿಟ್ಟ ಕಾಫಿ ಹಣದ ಬಹುಪಾಲು ಹಾಗೇ ಬ್ಯಾಂಕಿನಲ್ಲಿದೆ. ಮೊದಲ ಕಂತು, ಹಾಸ್ಟೆಲ್, ಎರಡು ಬಿಳಿ ಕೋಟು, ಒಂದು ಹಳೆಯ ಲ್ಯಾಪ್‌ಟಾಪ್ ಇಷ್ಟಕ್ಕೆ ಖರ್ಚಾಯಿತು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆಧಾರ್‌ನ ಇನಿಷಿಯಲ್ ಅಂಕಪಟ್ಟಿಗಿಂತ ಬೇರೆಯಾಗಿದೆ ಎಂದು ತಗಾದೆ ಬಂದು, ಅದನ್ನು ತಿದ್ದಿಸುವುದು ಇನ್ನೂ ನಡೆದಿದೆ. ಅಂಗರಚನಾ ಶಾಸ್ತ್ರದ ಇಂಗ್ಲಿಷ್ ಹೆಸರುಗಳು ಕಷ್ಟವಾಗಿ ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂತು. ಬೀದರ್‌ನ ಕನ್ನಡ ಅವಳಿಗೆ, ಇವಳ ಕನ್ನಡ ಅಲ್ಲಿನ ಗೆಳತಿಯರಿಗೆ ಅರ್ಥವಾಗಲು ತಿಂಗಳು ಹಿಡಿಯಿತಂತೆ. ಕ್ಯಾಲೆಂಡರ್ ಬರೆಯುವ ಕೆಲಸವನ್ನು ತಮ್ಮನಿಗೆ ಒಪ್ಪಿಸಿ ಹೋಗಿದ್ದಳು. ಅವನು ಎರಡು ವಾರದಲ್ಲಿ ಬಿಟ್ಟ, ಈಗ ತಂದೆ ಬರೆಯುತ್ತಾರೆ.

ಮೊದಲ ರಜೆಗೆ ಬಂದಾಗ ಕಾಲೇಜಿಗೂ ಬಂದಿದ್ದಳು. ಈ ವರ್ಷ ಕೃಷಿಕರ ಕೋಟಾಕ್ಕೆ ಸಿದ್ಧವಾಗುತ್ತಿರುವ ಮೂವರು ಆ ಮಾತ್ರೆ ಡಬ್ಬಿಗಳ ಮುಂದೆ ಕುಳಿತಿದ್ದರು. ಅವಳು ಚೀಲದಿಂದ ಕಾಗದದ ಪೊಟ್ಟಣ ತೆಗೆದು, ಮೂವತ್ತಾರನೇ ಡಬ್ಬಿಯಲ್ಲಿದ್ದ ಚಿತ್ರವನ್ನು ಹೊರಗೆ ಹಾಕಿ, ಬೀದರ್ ಸಂತೆಯಲ್ಲಿ ಕೊಂಡ ಒಂದು ಹಿಡಿ ಕುಸುಬೆಯನ್ನು ಸುರಿದಳು.